ಹತ್ತಿರ ಹೋದಷ್ಟೂ ಹೆಸರು

ಕುದುರೆಮುಖದ ನೆತ್ತಿಯಲ್ಲಿ ನಿಂತವರಿಗೆ ಕುದುರೆ ಕಾಣುವುದಿಲ್ಲ. ಕಾಲಡಿಯಲ್ಲಿ ಹುಲ್ಲು, ಬೆಟ್ಟದ ಮಡಿಲುಗಳಲ್ಲಿ ಒತ್ತಾಗಿ ಕೂತ ಶೋಲ ಕಾಡು, ಎದುರಿಗೆ ಮಂಜು. ಮಂಜು ಸರಿದರೆ ಮತ್ತೊಂದು ಬೆಟ್ಟ. 1,894 ಮೀಟರ್ ಎತ್ತರದ ಆ ಶಿಖರದಲ್ಲಿ ಕುದುರೆಯ ಮೋರೆ ಕಂಡವರು ದೂರದವರು, ಪಡುವಣ ದಿಕ್ಕಿನಿಂದ ನೋಡಿದವರು. ಕಡಲಿಗಿಳಿದವರಿಗೆ ಅದು ನೆಲದ ಗುರುತಾಗಿತ್ತು. ಕಾಲ್ನಡಿಗೆಯಲ್ಲಿ ಹತ್ತುವವರು ಮಾತ್ರ ಹಿಂದೆ ಅದನ್ನು ಸಂಸೆ ಪರ್ವತ ಎನ್ನುತ್ತಿದ್ದರು, ಬುಡದ ಸಂಸೆ ಎಂಬ ಊರಿನಿಂದ ದಾರಿ ಶುರುವಾಗುತ್ತಿದ್ದ ಕಾರಣಕ್ಕೆ. ಒಂದೇ ಬೆಟ್ಟಕ್ಕೆ ನೋಡಿದವರು ಕೊಟ್ಟ ಹೆಸರು ಒಂದು, ಹತ್ತಿದವರು ಕೊಟ್ಟದ್ದು ಇನ್ನೊಂದು. ಕೊನೆಗೆ ಉಳಿದದ್ದು ನೋಡಿದವರದು. ಅದಿರು ತೆಗೆದ ಕಂಪನಿಗೂ ಅದೇ ಹೆಸರು, ಕಾಡು ಕಾಯುವ ರಾಷ್ಟ್ರೀಯ ಉದ್ಯಾನಕ್ಕೂ ಅದೇ ಹೆಸರು.

ಎಷ್ಟು ದೂರದಿಂದ ನೋಡಿದರೆ ಯಾವ ಹೆಸರು ಹುಟ್ಟುತ್ತದೆ ಎಂಬ ಈ ಸಂಗತಿ ಮಲೆನಾಡಿನಲ್ಲಿ ತಿರುಗುವಾಗಲೆಲ್ಲ ನನ್ನ ಜೊತೆಗೇ ಬರುತ್ತದೆ.

ಮಲೆನಾಡು ಎಂಬ ಹೆಸರೂ ದೂರದಿಂದಲೇ ಬಂದಿರಬೇಕು ಎಂದು ನನ್ನ ಊಹೆ. ಮಲೆಯೊಳಗೆ ಹುಟ್ಟಿ, ಮಲೆಯೊಳಗೆ ಬೆಳೆದು, ಅದರಾಚೆ ಏನೂ ಕಾಣದಿದ್ದವನಿಗೆ ಅದು ಬರೀ ನಾಡು. ಅದಕ್ಕೆ ‘ಮಲೆ’ ಎಂದು ಸೇರಿಸಬೇಕಾದರೆ ಮಲೆಯಿಲ್ಲದ ಇನ್ನೊಂದು ನಾಡು ಕಣ್ಣಿಗೆ ಬಿದ್ದಿರಬೇಕು. ಬಯಲುಸೀಮೆಯಿಂದಲೋ ಕಡಲಿನಿಂದಲೋ ಯಾರಾದರೂ ಕತ್ತೆತ್ತಿ ನೋಡಿರಬೇಕು. ಕಡಲಿನಿಂದ ನೋಡಿದವರಲ್ಲಿ ಒಬ್ಬನ ಬರಹ ನಮಗೆ ಉಳಿದಿದೆ. ಆರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಕಾಸ್ಮಾಸ್ ಎಂಬ ವರ್ತಕ, ಮುಂದೆ ಸನ್ಯಾಸಿಯಾದವನು, ಕಾಳುಮೆಣಸು ಬೆಳೆಯುವ ನಾಡಿನ ಹೆಸರು ‘ಮಲೆ’ ಎಂದು ಬರೆದಿಟ್ಟ. ಅಲ್ಲಿಯ ರೇವುಪಟ್ಟಣಗಳ ಪಟ್ಟಿ ಕೊಡುತ್ತ ‘ಮಂಗರೂಥ್’ ಎಂದೊಂದನ್ನು ಹೆಸರಿಸುತ್ತಾನೆ. ವಿದ್ವಾಂಸರು ಅದನ್ನು ನಮ್ಮ ಮಂಗಳೂರು ಎಂದೇ ಗುರುತಿಸಿದ್ದಾರೆ. ಗ್ರೀಕ್ ಭಾಷೆಯ ಒಂದು ಪುಸ್ತಕದಲ್ಲಿ, ಸಾವಿರದೈನೂರು ವರ್ಷಗಳ ಹಿಂದೆ, ನಮ್ಮ ಮಲೆ ಹೀಗೆ ಅಷ್ಟೂ ಉಚ್ಚಾರದೊಂದಿಗೆ ಕೂತಿದೆ! ಆಮೇಲೆ ಅರಬ್ಬಿ ಕಡಲಿನಾಚೆಯಿಂದ ಬಂದ ವ್ಯಾಪಾರಿಗಳು ಮಲೆಗೆ ತಮ್ಮ ‘ಬಾರ್’ ಸೇರಿಸಿ ಮಲಬಾರ್ ಎಂದರು. ನಾವು ನಾಡು ಎಂದ ಕಡೆ ಅವರು ಬಾರ್ ಎಂದರು, ಅಷ್ಟೇ. ಇಂದು ಭೂಪಟದಲ್ಲಿ ಎರಡು ಬೇರೆ ಬೇರೆ ಜಾಗಗಳಾಗಿ ಕಾಣುವ ಮಲಬಾರ್ ಮತ್ತು ಮಲೆನಾಡು ಒಂದೇ ನೋಟದ ಎರಡು ಉಸಿರು.

ಬಯಲಿನ ಕಡೆಯಿಂದ ನೋಡಿದವರಿಗೆ ಮಲೆಯ ಜೊತೆ ಸ್ವಲ್ಪ ಅಳುಕೂ ಇದ್ದಿರಬೇಕು. ಮಲೆಯ ಪಾಳೆಯಗಾರರಿಗೆ ಶಾಸನಗಳಲ್ಲಿ ಮಲೆಪರು ಎಂದು ಹೆಸರು. ಹೊಯ್ಸಳರು ತಮ್ಮನ್ನು ಹೆಮ್ಮೆಯಿಂದ ಕರೆದುಕೊಂಡ ಬಿರುದು ‘ಮಲೆಪರೊಳ್ಗಂಡ’. ಮಲೆಪರ ನಡುವೆ ಗಂಡುಗಲಿ ಎಂದು. ಆ ವಂಶದ ಮೂಲ ಊರು ಸೊಸೆವೂರು, ಈಗಿನ ಮೂಡಿಗೆರೆ ತಾಲ್ಲೂಕಿನ ಅಂಗಡಿ. ಮಲೆಯಿಂದಲೇ ಹೊರಟು ಬೇಲೂರು ಹಳೇಬೀಡುಗಳಲ್ಲಿ ಕಲ್ಲನ್ನು ಅಷ್ಟು ನಯಗೊಳಿಸಿದ ಮೇಲೂ ಅವರು ಮಲೆಯನ್ನು ಬಿರುದಿನಲ್ಲಿ ಉಳಿಸಿಕೊಂಡರು ಎಂಬುದು ನನಗೆ ಇಷ್ಟವಾಗುವ ಸಂಗತಿ.

ಹಾಗಾದರೆ ಈ ನಾಡು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ? ಗೆರೆ ಎಳೆಯಲು ಹೋದವರಿಗೆಲ್ಲ ಅದು ಜಾರಿಕೊಂಡಿದೆ. ಕುಂದಾಪುರದವರಿಗೆ ತೀರ್ಥಹಳ್ಳಿಯವರು ‘ಘಟ್ಟದ ಮೇಲಿನವರು’. ತೀರ್ಥಹಳ್ಳಿಯವರಿಗೆ ಕುಂದಾಪುರ ‘ಘಟ್ಟದ ಕೆಳಗೆ’. ಇಬ್ಬರೂ ಅಳೆಯುವುದು ಘಟ್ಟದಿಂದ. ಘಟ್ಟವೆಂದರೆ ಇಳಿದು ಹತ್ತುವ ದಾರಿ: ಆಗುಂಬೆ, ಬಾಳೆಬರೆ, ಕೊಲ್ಲೂರು, ಚಾರ್ಮಾಡಿ, ಶಿರಾಡಿ, ಅರಬೈಲು. ಯುರೋಪಿನವರು ಬಂದು ದಾರಿಯ ಹೆಸರನ್ನೇ ಇಡೀ ಬೆಟ್ಟಸಾಲಿಗೆ ತೊಡಿಸಿದರು, ಅದೇ ಪಶ್ಚಿಮ ಘಟ್ಟವಾಯಿತು. ಇನ್ನು ಮೂಡಣದ ಗಡಿ. ಅಲ್ಲಿ ನಮ್ಮ ಜನ ‘ಅರೆಮಲೆನಾಡು’ ಎಂದುಬಿಟ್ಟಿದ್ದಾರೆ. ಶಿಕಾರಿಪುರ, ಸೊರಬ, ತರೀಕೆರೆಯ ಸುತ್ತಿನ ನೆಲ ಅದು. ಗುಡ್ಡ ತಗ್ಗುತ್ತ, ಅಡಿಕೆಯ ಪಕ್ಕದಲ್ಲೇ ಜೋಳ ಕಾಣಿಸಿಕೊಳ್ಳುತ್ತ ಹೋಗುವ ಸೀಮೆ. ಸರ್ಕಾರದ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿಯ ವ್ಯಾಪ್ತಿಯಂತೂ ಬೆಳಗಾವಿಯಿಂದ ಚಾಮರಾಜನಗರದವರೆಗೆ 13 ಜಿಲ್ಲೆಗಳಿಗೆ ಹರಡಿದೆ. ಉಡುಪಿಯೂ ಅದರೊಳಗಿದೆ.

ಗಡಿಯನ್ನು ಸರಿಯಾಗಿ ಬಲ್ಲದ್ದು ಮಳೆ. ಜೂನ್ ತಿಂಗಳಲ್ಲಿ ಕಡಲಿನಿಂದ ನೀರು ಹೊತ್ತು ಬರುವ ಗಾಳಿಗೆ ಕರಾವಳಿಯ ಬಯಲಿನಲ್ಲಿ ಏನೂ ತಡೆಯಿಲ್ಲ. ಘಟ್ಟದ ಗೋಡೆ ಎದುರಾದ ಕೂಡಲೇ ಗಾಳಿ ಮೇಲೇರಲೇಬೇಕು. ಏರಿದಂತೆ ತಣ್ಣಗಾಗುತ್ತದೆ, ತಣ್ಣಗಾದ ಗಾಳಿ ಅಷ್ಟು ನೀರನ್ನು ಹಿಡಿದಿಟ್ಟುಕೊಳ್ಳಲಾರದು. ಹಾಗಾಗಿ ಗೋಡೆಯ ಅಂಚಿನಲ್ಲೇ ಕೂತ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಸುರಿಯುತ್ತದೆ. ಅದೇ ಮೋಡ ಮೂಡಣಕ್ಕೆ ಎಪ್ಪತ್ತು ಕಿಲೋಮೀಟರಿನಷ್ಟು ಸರಿದು ಶಿವಮೊಗ್ಗ ಪೇಟೆ ಮುಟ್ಟುವ ಹೊತ್ತಿಗೆ ಉಳಿದಿರುವುದು ಸಾವಿರದ ಆಸುಪಾಸು. ಆಗುಂಬೆಯಿಂದ ಬಸ್ಸಿನಲ್ಲಿ ಹೊರಟರೆ ಕಿಟಕಿಯಾಚೆ ಈ ಇಳಿಕೆಯನ್ನು ಕಣ್ಣಾರೆ ನೋಡಬಹುದು: ಮರದ ಕಾಂಡದ ಮೇಲಿನ ಪಾಚಿ ತೆಳುವಾಗುತ್ತದೆ, ಮಾಡಿನ ಇಳಿಜಾರು ಕಡಿಮೆಯಾಗುತ್ತದೆ, ಮನೆಗಳು ಒಂದರ ಪಕ್ಕಕ್ಕೊಂದು ಬಂದು ಕೂಡುತ್ತವೆ.

ಸುರಿದ ನೀರಿನ ಕಥೆ ಇನ್ನೂ ದೊಡ್ಡ ಬೆರಗು. ಕುದುರೆಮುಖದ ಕಾಡಿನಲ್ಲಿ ಗಂಗಾಮೂಲ ಎಂಬ ಜಾಗವಿದೆ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಅಲ್ಲಿಯ ವರಾಹ ಪರ್ವತದಲ್ಲಿ ಹುಟ್ಟುತ್ತವೆ ಎಂದು ನಂಬಿಕೆ. ವರಾಹನ ಎರಡು ಕೋರೆಗಳಿಂದ ತುಂಗೆ ಮತ್ತು ಭದ್ರೆ, ಕಣ್ಣುಗಳಿಂದ ನೇತ್ರಾವತಿ ಎಂದು ಪುರಾಣ. ತುಂಗಾ ಭದ್ರೆಯರು ಬೇರೆ ಬೇರೆ ಕಣಿವೆ ಹಿಡಿದು ಹೋಗಿ, ಶಿವಮೊಗ್ಗದಾಚೆ ಕೂಡ್ಲಿಯಲ್ಲಿ ಕೂಡಿ, ಹಂಪಿಯನ್ನು ತೊಳೆದು, ಕೃಷ್ಣೆಯನ್ನು ಸೇರಿ, ಕೊನೆಗೆ ಬಂಗಾಳ ಕೊಲ್ಲಿಗೆ ಬೀಳುತ್ತಾರೆ. ನೇತ್ರಾವತಿ ಘಟ್ಟದಿಂದ ಧುಮುಕಿ ಧರ್ಮಸ್ಥಳ, ಉಪ್ಪಿನಂಗಡಿ ದಾಟಿ ಮಂಗಳೂರಿನಲ್ಲಿ ಅರಬ್ಬಿ ಕಡಲಿಗೆ ಸೇರುತ್ತಾಳೆ. ಪುರಾಣ ಕಟ್ಟಿದವರು ಭೂಗೋಳವನ್ನು ಎಷ್ಟು ಚೆನ್ನಾಗಿ ಗಮನಿಸಿದ್ದರು ನೋಡಿ: ಜೊತೆಯಾಗಿ ಹರಿಯುವ ಎರಡಕ್ಕೆ ಕೋರೆ, ಮುಖ ತಿರುಗಿಸಿ ಹೋಗುವವಳಿಗೆ ಕಣ್ಣು. ಇನ್ನೂ ದಕ್ಷಿಣಕ್ಕೆ, ಸಕಲೇಶಪುರ ತಾಲ್ಲೂಕಿನ ಬಿಸಿಲೆ ಘಾಟಿಯ ಬಳಿ, ಮಂಕನಹಳ್ಳಿಯಲ್ಲಿ ಒಂದು ದಿಣ್ಣೆಯಿದೆ. ಅದರ ಮೂಡಣ ಮಗ್ಗುಲಿಗೆ ಬಿದ್ದ ಮಳೆ ಹೇಮಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ. ಪಡುವಣ ಮಗ್ಗುಲಿಗೆ ಬಿದ್ದದ್ದು ಕುಮಾರಧಾರೆಗೆ. ಜೊತೆಯಲ್ಲೇ ಬಿದ್ದ ಎರಡು ಹನಿಗಳು ನಾಡಿನ ಎರಡು ಬದಿಯ ಕಡಲುಗಳಿಗೆ ಸೇರಬೇಕಾದರೆ ನಡುವೆ ಬೇಕಾದದ್ದು ಒಂದು ಮೊಳದ ನೆಲ. ಆ ದಿಣ್ಣೆ ಮೇಲೆ ನಿಂತಾಗ ನನಗೆ ದೊಡ್ಡ ಶಿಖರಗಳಿಗಿಂತ ಹೆಚ್ಚು ಮೈ ಜುಮ್ಮೆಂದಿತ್ತು.

ಹೆಸರುಗಳು ಹುಟ್ಟುವ ಮೊದಲಿನ ಕಾಲವನ್ನು ನೆನೆಸಿಕೊಳ್ಳುವುದು ಕಷ್ಟ. ಆದರೂ ಚಂದ್ರದ್ರೋಣ ಪರ್ವತದಲ್ಲಿ ಅದು ಕಲ್ಲಿನಲ್ಲೇ ಕಾಣಸಿಗುತ್ತದೆ. ಅರ್ಧಚಂದ್ರನಂತೆ ಬಾಗಿದ ಸಾಲು ಅದು, ಅದಕ್ಕೇ ಆ ಹೆಸರು. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ ಅದರ ಮೇಲೇ ಇದೆ. ಯೆಮನ್‌ನಿಂದ ಏಳು ಕಾಫಿ ಬೀಜ ತಂದು ನೆಟ್ಟರೆಂದು ಜನ ನೆನೆಯುವ ಬಾಬಾ ಬುಡನ್ ಅವರ ಹೆಸರೂ ಅದೇ ಸಾಲಿಗೆ ಉಂಟು. ಅಲ್ಲಿಯ ಬಂಡೆಗಳಲ್ಲಿ ಕೆಂಪು, ಕಪ್ಪು, ಬೂದು ಪಟ್ಟೆಗಳು ಒಂದರ ಮೇಲೊಂದು ಕೂತಿವೆ. ಸುಮಾರು 270 ಕೋಟಿ ವರ್ಷಗಳ ಹಿಂದೆ ಆಳವಿಲ್ಲದ ಕಡಲಿನ ತಳದಲ್ಲಿ ಕಬ್ಬಿಣ ಇಳಿದು ಇಳಿದು ಆದ ಪಟ್ಟೆಗಳವು. ಅಂದರೆ ನಾವು ಬೆವರು ಸುರಿಸಿ ಏರುವ ಆ ಎತ್ತರ ಒಂದು ಕಾಲದ ಕಡಲ ತಳ. ಅದಕ್ಕೆ ಹೋಲಿಸಿದರೆ ಘಟ್ಟದ ಗೋಡೆ ತೀರ ಇತ್ತೀಚಿನದು: ಸುಮಾರು ಒಂಬತ್ತು ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಕಿತ್ತುಕೊಂಡು ದೂರ ಸರಿಯಿತು, ಹರಿದ ಅಂಚು ಕಾಲಾಂತರದಲ್ಲಿ ಸವೆದು ಈ ಕಡಿದಾದ ಘಟ್ಟವಾಯಿತು. ಮಲ್ಪೆಯೆದುರಿನ ಸೇಂಟ್ ಮೇರಿ ದ್ವೀಪಗಳ ಕಂಬಗಲ್ಲುಗಳು ಆ ಅಗಲಿಕೆಯ ಹೊತ್ತಿನಲ್ಲಿ ಉಕ್ಕಿ ಹೆಪ್ಪುಗಟ್ಟಿದವು.

ಈ ಕಥೆಯೇನೂ ಗೊತ್ತಿಲ್ಲದೆ ಚಂದ್ರದ್ರೋಣದ ಜನ ಒಂದು ಜಾಗವನ್ನು ಕೆಮ್ಮಣ್ಣುಗುಂಡಿ ಎಂದು ಕರೆದರು. ಕಣ್ಣಿಗೆ ಕಂಡದ್ದು ಕೆಂಪು ಮಣ್ಣು, ಕಾಲಿಗೆ ಸಿಕ್ಕಿದ್ದು ಗುಂಡಿ. ಕಡಲ ತಳದ ಆ ಕಬ್ಬಿಣ ಮೂರೇ ಪದದಲ್ಲಿ ಹೆಸರಾಯಿತು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾದಾಗ ಅದಿರು ಬಂದದ್ದು ಅದೇ ಗುಂಡಿಯಿಂದ. ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಕುಲುಮೆ ಹೊತ್ತಿಕೊಳ್ಳುವುದಕ್ಕೂ ಎಷ್ಟೋ ಕಾಲ ಮೊದಲೇ ಊರಿಗೆ ಬೆಂಕಿಯ ಹೆಸರಿತ್ತು ಎಂಬುದನ್ನು ಯೋಚಿಸಿದಾಗಲೆಲ್ಲ ನಾನು ಸ್ವಲ್ಪ ಹೊತ್ತು ಸುಮ್ಮನಾಗುತ್ತೇನೆ.

ಆಳುವವರು ಇಟ್ಟ ಹೆಸರುಗಳೂ ಮಲೆಯಲ್ಲಿ ಕಡಿಮೆಯಿಲ್ಲ. ಕೆಳದಿಯ ಅರಸರ ರಾಜಧಾನಿ ಬಿದನೂರಿಗೆ ಆ ಹೆಸರು ಬಂದದ್ದು ಬಿದಿರಿನಿಂದ. 1763ರಲ್ಲಿ ಹೈದರಾಲಿ ಅದನ್ನು ಗೆದ್ದು ಹೈದರ್‌ನಗರ ಎಂದ. ಹೈದರ್ ಹೋದ, ನಗರ ಉಳಿಯಿತು. ಇಂದು ಕೋಟೆಯ ಗೋಡೆ, ಕೊಳ, ಹಳೆಯ ಬಾವಿಗಳ ನಡುವೆ ಕೆಲವೇ ಅಂಗಡಿಗಳಿರುವ ಮಳೆಯೂರೊಂದು ‘ನಗರ’ ಎಂಬ ಹೆಸರು ಹೊತ್ತು ಕೂತಿದೆ. ಕಲ್ಲೂರುಕಟ್ಟೆ ಎಂಬ ಇನ್ನೊಂದು ಊರು ಅದರ ತಾಲ್ಲೂಕು ಕೇಂದ್ರವಾಗಿ ಹೊಸನಗರವಾಯಿತು. ಕೆಳದಿ ಸದಾಶಿವ ನಾಯಕನ ಹೆಸರಿನ ಕೆರೆ ಸದಾಶಿವ ಸಾಗರ. ಅದರ ದಡದ ಪೇಟೆ ಸಾಗರ. ಹೀಗೆ ಕಡಲಿಗೆ ಬೆನ್ನು ಹಾಕಿ ಬೆಟ್ಟದ ಮೇಲೆ ಕೂತ ಊರಿಗೆ ಕಡಲಿನ ಹೆಸರು. ಎಡೇಹಳ್ಳಿ ಮೈಸೂರಿನ ಯುವರಾಜರ ಹೆಸರಿನಲ್ಲಿ ನರಸಿಂಹರಾಜಪುರವಾಯಿತು. ಬಸ್ಸಿನವರ ಬಾಯಲ್ಲಿ ಎನ್.ಆರ್. ಪುರ. ಈ ಹೆಸರುಗಳಲ್ಲಿ ಒಂದು ಆಸೆಯಿದೆ. ಕಾಡು ನುಂಗುವ ಮೊದಲು ಇಲ್ಲೊಂದು ಪೇಟೆಯನ್ನು ನಿಲ್ಲಿಸಬೇಕೆಂಬ ಆಸೆ.

ಆದರೆ ಮಲೆನಾಡಿನ ನಿಜವಾದ ಹೆಸರಿನ ಭಂಡಾರ ಇರುವುದು ಊರಿಗಿಂತ ಕೆಳಗೆ, ಒಂದು ಮನೆಯ ಸುತ್ತಮುತ್ತ. ಸಾಗರದ ಕಡೆಯ ನೆಂಟರ ಮನೆಯಲ್ಲಿ ಒಂದು ಸಂಜೆ ಮಲೆನಾಡು ಗಿಡ್ಡದ ಹಸುವೊಂದು ಕೊಟ್ಟಿಗೆಗೆ ಬರಲಿಲ್ಲ. ಕಪ್ಪು ಮೈಯ, ಸೊಂಟದೆತ್ತರವೂ ಇಲ್ಲದ, ದರೆಯನ್ನು ಮೇಕೆಯಷ್ಟೇ ಸಲೀಸಾಗಿ ಏರುವ ಹಸು. ಕತ್ತಲಾಗುವುದರೊಳಗೆ ಹುಡುಕಬೇಕು. ಮನೆಯ ಹಿರಿಯಾಕೆ ಜಗಲಿಯಿಂದಲೇ ಕೂಗಿದರು: “ಅಪ್ಪೀ, ಬ್ಯಾಣದ ತಲೆಗೆ ಹೋಗಿ ನೋಡು. ಅಲ್ಲಿಲ್ಲೆ ಅಂದ್ರೆ ಮುರುಗಲಮರದ ಹಕ್ಲಲ್ಲಿ ಇಕ್ಕು.” ಮಗ ಅರ್ಧ ಗಂಟೆಯ ಮೇಲೆ ಮೇಲಿನಿಂದ ಉತ್ತರ ಕೊಟ್ಟ: “ಅಲ್ಲಿಗೂ ಹೋಗ್ ಬಂದಿ ಅಮ್ಮಾ, ಇಲ್ಲೆ!” “ಹಂಗಾರೆ ಕಾನಂಚಿನ ಹೊಂಡ ನೋಡು. ಕೆಳಗಿನ ಮಕ್ಕಿಗೆ ಇಳಿಯದು ಅದು.” ಹಸು ಹೊಂಡದ ಪಕ್ಕದಲ್ಲೇ ಸಿಕ್ಕಿತು.

ಆ ಹೊತ್ತಿನಲ್ಲಿ ನಾನು ಕೇಳಿಸಿಕೊಂಡದ್ದು ಒಂದು ಭೂಪಟ. ಬ್ಯಾಣವೆಂದರೆ ದನ ಮೇಯುವ ಹುಲ್ಲಿನ ಗುಡ್ಡ. ಹಕ್ಕಲೆಂದರೆ ಅಲ್ಲೊಂದು ಇಲ್ಲೊಂದು ಮರ, ನಡುವೆ ಪೊದೆಯಿರುವ ಬಿಡುವಿನ ನೆಲ. ಕಾನು ಬಿಸಿಲು ನೆಲ ಮುಟ್ಟದ ಹಸಿರು ಕಾಡು. ಅದರ ನೀರಿನಿಂದಲೇ ಕೆಳಗಿನ ತೋಟ ಬದುಕುತ್ತದೆ. ಮಕ್ಕಿ ಮಳೆಯನ್ನೇ ನಂಬಿದ ಮೇಲ್ಗದ್ದೆ. ಇನ್ನು ಅಡಿಕೆ ತೋಟಕ್ಕೆ ಸೊಪ್ಪು ಕೊಡುವ ಸೊಪ್ಪಿನ ಬೆಟ್ಟ, ಬಂಡೆಯಿಂದ ನೀರು ಬೀಳುವ ಅಬ್ಬಿ, ನೆಲದಿಂದ ನೀರು ಒಸರುವ ಒರತೆ. ಮೇಲಿನಿಂದ ನೋಡಿದರೆ ಇದೆಲ್ಲವೂ ಒಂದೇ ಹಸಿರು. ಉಪಗ್ರಹದ ಚಿತ್ರದಲ್ಲೂ ಹೆಚ್ಚು ಕಡಿಮೆ ಹಾಗೆಯೇ. ಪಹಣಿಯಲ್ಲಿ ಅದಕ್ಕೊಂದು ಸರ್ವೆ ನಂಬರು. ಆದರೆ ನಡೆಯುವ ಕಾಲಿಗೆ, ದನ ಹುಡುಕುವ ಕಣ್ಣಿಗೆ ಪ್ರತಿ ಮಡಿಕೆಯೂ ಬೇರೆ, ಪ್ರತಿಯೊಂದಕ್ಕೂ ಬೇರೆ ಹೆಸರು. ಮಾವಿನಗುಂಡಿ, ಹೊನ್ನೆಮರಡು, ಹುಲಿಕಲ್, ನವಿಲುಕಲ್ಲು, ಒನಕೆ ಅಬ್ಬಿ. ಇಂಥ ಹೆಸರಿಟ್ಟವರು ಯಾರೆಂದು ಯಾವ ಶಾಸನದಲ್ಲೂ ಇಲ್ಲ. ಅಲ್ಲಿ ಮಾವಿನ ಮರವಿತ್ತು, ಯಾರೋ ನಿಂತರು, ಕರೆದರು. ಜೊತೆಯಲ್ಲಿದ್ದವರಿಗೆ ಅದು ಸರಿ ಎನಿಸಿತು. ಕುವೆಂಪು ಅವರ ಕಾದಂಬರಿಗಳನ್ನು ಓದುವಾಗ ದಾರಿ ತಪ್ಪಿದಂತೆ ಅನಿಸದಿರಲು ಒಂದು ಕಾರಣ, ಅವರ ಪಾತ್ರಗಳು ಎಲ್ಲಿ ನಡೆದರೂ ಗುಡ್ಡ, ಹಳ್ಳ, ಬಂಡೆಗಳಿಗೆ ಹೆಸರಿರುವುದು ಎಂದು ನನಗನಿಸುತ್ತದೆ.

ಇಂಥ ಹೆಸರುಗಳಲ್ಲಿ ಕೆಲವು ಮುಳುಗಿದವು. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಗದ್ದೆ, ತೋಟ, ಹಕ್ಕಲು, ಕಾನುಗಳು ನೀರಿನಡಿ ಹೋದವು. ಬೇಸಿಗೆಯಲ್ಲಿ ನೀರು ತೀರ ಇಳಿದ ವರ್ಷಗಳಲ್ಲಿ ಹಳೆಯ ಮಡೆನೂರು ಅಣೆಕಟ್ಟಿನ ಮೈ ಮೇಲೆದ್ದು ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಅಣೆಕಟ್ಟಿಗೆ ಕಲ್ಲಿದೆ, ಕಾಣುತ್ತದೆ. ಒಂದು ಮನೆಯವರು ಮಾತ್ರ ಬಳಸುತ್ತಿದ್ದ ಹಕ್ಕಲಿನ ಹೆಸರು ಆ ಮನೆಯವರು ಬೇರೆ ಸೀಮೆಗೆ ಗಾಡಿ ಹೂಡಿದ ದಿನವೇ ಯಾರಿಗೂ ಬೇಡವಾಯಿತು. ಮುಳುಗಡೆಯ ಪರಿಹಾರ ಕೇಳುವ ಯಾವ ಅರ್ಜಿಯಲ್ಲೂ ಅದಕ್ಕೆ ಜಾಗವಿರಲಿಲ್ಲ. ಅದು ನನಗೆ ಇಂದಿಗೂ ನೋವಿನ ಸಂಗತಿ.

ಕೆಲವು ಹೆಸರುಗಳು ಮಾತ್ರ ಯಾರೂ ಊಹಿಸದ ಕಡೆಗೆ ಹೋಗಿವೆ. ಸಿದ್ದಾಪುರದಿಂದ ಹೊನ್ನಾವರಕ್ಕೆ ಇಳಿಯುವ ದಾರಿಯಲ್ಲಿ ಕತ್ತಲೆಕಾನು ಎಂಬ ಕಾಡಿದೆ. ಹೆಸರೇ ಹೇಳುವಂತೆ ನಡುಹಗಲಲ್ಲೂ ಅಲ್ಲಿ ಮಬ್ಬು. ಕಾಡಿನ ನಡುವೆ ವರ್ಷವಿಡೀ ನೀರು ನಿಲ್ಲುವ ಜೌಗು. ಅದರಲ್ಲಿ ರಾಮಪತ್ರೆಯ ಕುಲದ ಮರಗಳು ಉಸಿರಾಡಲೆಂದು ಬೇರನ್ನು ಮಂಡಿಯಂತೆ ಮಡಚಿ ಕೆಸರಿನಿಂದ ಮೇಲೆತ್ತಿ ನಿಂತಿವೆ. ಇಲ್ಲಿ ಸಿಕ್ಕ ಒಂದು ಅಪರೂಪದ ಮರಕ್ಕೆ ಸಸ್ಯವಿಜ್ಞಾನಿಗಳು 2000ದಲ್ಲಿ ಇಟ್ಟ ಹೆಸರು ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಸೊಪ್ಪು ತರಲು ಹೋದವರೋ ಜೇನು ಕೀಳಲು ಹೋದವರೋ ‘ಇಲ್ಲಿ ಬರೀ ಕತ್ತಲೆ’ ಎಂದದ್ದು ಲ್ಯಾಟಿನ್ನಿನ ಬಾಲ ಕಟ್ಟಿಕೊಂಡು ಜಗತ್ತಿನ ಗಿಡಮರಗಳ ಪಟ್ಟಿಯಲ್ಲಿ ಕೂತಿದೆ. ಹಾಗೆಯೇ ಕೊಟ್ಟಿಗೆಹಾರ. ಚಾರ್ಮಾಡಿ ಘಾಟಿಯ ತಲೆಯಲ್ಲಿ, ಬಸ್ಸುಗಳು ನಿಂತು ಜನ ನೀರುದೋಸೆ ತಿನ್ನುವ ಸಣ್ಣ ಊರು. ಸಿ.ಆರ್. ನಾರಾಯಣ ರಾವ್ ಎಂಬ ಪ್ರಾಣಿವಿಜ್ಞಾನಿ, ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರು, 1937ರಲ್ಲಿ ಅಲ್ಲಿಯ ತೊರೆಯ ಒಂದು ಕಪ್ಪೆಗೆ ಊರಿನ ಹೆಸರನ್ನೇ ಇಟ್ಟರು: ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್. ಹೆಬ್ಬೆರಳಿನಷ್ಟು ಕಪ್ಪೆ. ಮಳೆಗಾಲದ ತೊರೆಯ ಭೋರ್ಗರೆತದಲ್ಲಿ ದನಿಯೊಂದನ್ನೇ ನಂಬುವಂತಿಲ್ಲ. ಅದಕ್ಕೆ ಗಂಡು ಬಂಡೆಯ ಮೇಲೆ ಕೂತು ಒಂದು ಹಿಂಗಾಲನ್ನು ಹಿಂದಕ್ಕೆ ಚಾಚಿ, ಬೆರಳ ನಡುವಿನ ಪೊರೆಯನ್ನು ಬಿಚ್ಚಿ, ಮತ್ತೆ ಮಡಚುತ್ತದೆ. ಆಮೇಲೆ ಇನ್ನೊಂದು ಕಾಲು. ಅದನ್ನು ಕುಣಿಯುವ ಕಪ್ಪೆ ಎನ್ನುತ್ತಾರೆ.

ಕತ್ತಲೆಕಾನಿನಲ್ಲೇ ಇನ್ನೊಂದಿದೆ. ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ವಿವರಿಸಿದ ಆ ಇರುಳು ಕಪ್ಪೆ ನೀರಿನ ಮೇಲೆ ಬಾಗಿದ ಕಡ್ಡಿಗೋ ಬಂಡೆಗೋ ಮೊಟ್ಟೆ ಅಂಟಿಸುತ್ತದೆ. ಬಳಿಕ ಗಂಡು ತೊರೆಯ ತಳದಿಂದ ಎರಡೂ ಮುಂಗೈಯಲ್ಲಿ ಕೆಸರು ಬಾಚಿ ತಂದು, ಮೊಟ್ಟೆಗಳ ಮೇಲೆ ಮೆತ್ತಿ, ತಟ್ಟಿ, ಮತ್ತೆ ಕೆಸರಿಗೆ ಹೋಗುತ್ತದೆ. ಈ ಸಲ ವಿಜ್ಞಾನಿಗಳು ಊರಿನ ಹೆಸರನ್ನು ಹುಡುಕಲಿಲ್ಲ, ಕಸುಬಿನ ಹೆಸರನ್ನು ಕೊಟ್ಟರು: 'ನಿಕ್ಟಿಬ್ಯಾಟ್ರಕಸ್ ಕುಂಬಾರ'. ಕುಂಬಾರ ಕಪ್ಪೆ. ಕಡಲಿನಿಂದ ಕಂಡ ಕುದುರೆಯಿಂದ ಹೊರಟು ಇಷ್ಟು ಹತ್ತಿರ ಬಂದಾಗ, ಟಾರ್ಚಿನ ಬೆಳಕಿನಲ್ಲಿ ಮಂಡಿಯೂರಿ ಕೂತು ನೋಡಿದವರಿಗೆ ಮಾತ್ರ ಹೊಳೆಯಬಹುದಾದ ಹೆಸರು ಅದು.

ಪ್ರತಿ ಮುಂಗಾರಿಗೂ ಈ ತೊರೆಗಳಿಗೆ ಸಂಶೋಧಕರು ಬರುತ್ತಾರೆ. ಹೊಸ ಜೀವಿಯೊಂದನ್ನು ದಾಖಲಿಸುವಾಗ ಅದು ಸಿಕ್ಕ ಜಾಗವನ್ನು ಬರೆಯಲೇಬೇಕು. ಅಕ್ಷಾಂಶ ರೇಖಾಂಶಗಳನ್ನು ಕೈಯಲ್ಲಿರುವ ಯಂತ್ರ ಹೇಳುತ್ತದೆ. ಹಳ್ಳದ ಹೆಸರು ಬೇಕಾದಾಗ ಮಾತ್ರ ಅವರು ತೋಟದ ಬೇಲಿ ದಾಟಿ ಮೇಲಿನ ಮನೆಯ ಜಗಲಿಗೆ ಹೋಗಿ ಕೇಳುತ್ತಾರೆ.